ಚಳಿ ಕಲಿತ ನಿಂಬೆಮರ

ಲಾಂಡ್ರಿಯ ಹಿತ್ತಲಿನ ನಿಂಬೆಮರವನ್ನು ಕಡಿಸಬೇಕು ಎಂದು ಸಣ್ಣ ಯಜಮಾನ ಬಂದು ಹೇಳಿದಾಗ ನಿಂಬೆಯಕ್ಕ ಯಾರದೋ ಬಿಳಿ ಅಂಗಿಯ ಕಾಲರಿಗೆ ಹತ್ತಿದ್ದ ತುಕ್ಕಿನ ಕಲೆಗೆ ಉಪ್ಪು ತಿಕ್ಕುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಆಗಲ್ಲ" ಅಂದಳು.

ಸಂಬಳ ಕೊಡುವ ಯಜಮಾನನಿಗೆ ಆಗಲ್ಲ ಅನ್ನುವುದು ಸಣ್ಣ ಮಾತೇನಲ್ಲ. ಇವಳು ಯಾವ ಧೈರ್ಯದ ಮೇಲೆ ಅಂದಳು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವೂ ಎಲ್ಲರ ಹಾಗೆ "ಒಂದು ಒಣಮರಕ್ಕೆ ಇಷ್ಟು ರಂಪವೇ" ಅಂದುಕೊಂಡು ಎದ್ದು ಹೋಗುತ್ತೀರಿ.

ಅವಳು ಈ ಲಾಂಡ್ರಿಗೆ ಸೇರಿದಾಗ ದೊಡ್ಡ ಯಜಮಾನ, ಅಂದರೆ ಈಗಿನವನ ಅಪ್ಪ, ಇನ್ನೂ ಗಟ್ಟಿಮುಟ್ಟಾಗಿದ್ದ. ಇವಳಿಗೆ ಹೊಸದಾಗಿ ಮದುವೆಯಾಗಿತ್ತು. ಗಂಡ ಇದೇ ಲಾಂಡ್ರಿಯ ಬಟ್ಟೆಗಾಡಿ ತಳ್ಳಿಕೊಂಡು ಮನೆಮನೆಗೆ ಹೋಗುತ್ತಿದ್ದ. ಈಗ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು ಮನೆಯಲ್ಲಿ ಕೂತು ಊರಿನವರ ತಪ್ಪನ್ನೆಲ್ಲ ಎಣಿಸುತ್ತಾನೆ. ಅವಳ ಪಾಲಿಗೆ ಬಂದದ್ದು ತೊಟ್ಟಿಯ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಸೋಪಿನ ನೀರಲ್ಲಿ ಕೈ. ಬೆರಳ ಸಂದೆಲ್ಲ ಬಿರಿದು, ರಾತ್ರಿ ಅನ್ನ ಕಲಸಿದರೆ ಉರಿಯುತ್ತಿತ್ತು.

ಒಂದು ದಿನ ಒಬ್ಬ ದೊಡ್ಡ ಮನೆಯಾಕೆಯ ಮೇಜಿನ ಬಟ್ಟೆಗೆ ಮೊಳೆ ತಾಗಿ ತುಕ್ಕು ಹತ್ತಿತು. ಬಟ್ಟೆ ಅವರ ಅಜ್ಜಿ ಕಸೂತಿ ಹಾಕಿದ್ದು. ದೊಡ್ಡ ಯಜಮಾನ ಕೆಂಡವಾಗಿ, ಯಾರ ತಲೆಗೆ ಕಟ್ಟಲಿ ಎಂದು ಸುತ್ತ ನೋಡತೊಡಗಿದ. ಇವಳು ಯಾರನ್ನೂ ಕೇಳದೆ ಬಟ್ಟೆಯನ್ನು ಹಿಡಿದುಕೊಂಡು ನೇರ ಆ ಮನೆಗೇ ಹೋದಳು. ಅವರ ಅಂಗಳದ ನಿಂಬೆಮರದಿಂದ ಒಂದು ಹಣ್ಣು ಕೇಳಿ ಪಡೆದು, ಉಪ್ಪು ಸೇರಿಸಿ ಕಲೆಯ ಮೇಲೆ ಹಿಂಡಿ, ಬಿಸಿಲಿಗೆ ಹರವಿ, ಅಲ್ಲೇ ಮೆಟ್ಟಿಲ ಮೇಲೆ ಕೂತಳು. ಒಣಗುತ್ತಾ ಬಂದ ಹಾಗೆ ಮತ್ತೆ ಹಿಂಡಿದಳು. ಸಂಜೆಯ ಹೊತ್ತಿಗೆ ಕಲೆ ಎಲ್ಲಿತ್ತು ಎಂದು ಹುಡುಕಬೇಕಾಯಿತು. ಮನೆಯಾಕೆಗೆ ಖುಷಿಯೋ ಖುಷಿ. ಆ ಮರದ ಒಂದು ಕೊಂಬೆಗೆ ಗೂಟಿ ಕಟ್ಟಿ ಬೇರು ಬರಿಸಿದ್ದ ಸಸಿಯೊಂದು ಅವರಲ್ಲಿತ್ತು. ಅದನ್ನು ಕೊಟ್ಟು ಕಳಿಸಿದರು. ಗಂಡ ಅದನ್ನು ಒಗೆದ ಬಟ್ಟೆಗಳ ನಡುವೆ ಇಟ್ಟುಕೊಂಡು ಗಾಡಿಯಲ್ಲಿ ತಂದ. ದಾರಿಯಲ್ಲಿ ಮಣ್ಣು ಚೆಲ್ಲಿ ಮೂರು ಮನೆಯ ಬೆಡ್‌ಶೀಟನ್ನು ಮತ್ತೆ ಒಗೆಯಬೇಕಾಯಿತು, ಅದು ಬೇರೆ ಮಾತು.

ಅಂದಿನಿಂದ ಅವಳು ತೊಟ್ಟಿ ಬಿಟ್ಟು ಕಲೆ ತೆಗೆಯುವ ಮೇಜಿಗೆ ಬಂದಳು. ಹಿಂದಿನ ಗೋಡೆಗೆ ಆತುಕೊಂಡ ಚಿಕ್ಕ ಕೋಣೆ, ಒಂದು ಕಿಟಕಿ, ಒಂದು ಮೇಜು. ಪಕ್ಕದಲ್ಲೇ ಬಾಯ್ಲರ್ ಇದ್ದುದರಿಂದ ಚಳಿಗಾಲದಲ್ಲೂ ಗೋಡೆ ಬೆಚ್ಚಗಿರುತ್ತಿತ್ತು. ಸಸಿಯನ್ನು ಕಿಟಕಿಯ ಹೊರಗೆ ನೆಟ್ಟರು. ಹಿತ್ತಲಲ್ಲಿ ಕಲ್ಲು ಹಾಸದೆ ಉಳಿದಿದ್ದು ಅದೊಂದೇ ಜಾಗ, ಸರಿಯಾಗಿ ಬಾಯ್ಲರಿನ ಹಬೆ ಹೊರಬೀಳುವ ಕೊಳವೆಯ ಬಾಯಿಗೆ. ಯಾರೂ ಯೋಚಿಸಿ ನೆಟ್ಟಿದ್ದಲ್ಲ.

ಆ ಊರಿನ ಚಳಿ ಅಂಥ ಚಳಿಯೇನಲ್ಲ. ಬೆಳಿಗ್ಗೆ ಬಾಯಿಂದ ಹೊಗೆ ಬರುತ್ತದೆ, ಎಂದೋ ಒಂದು ವರ್ಷ ಹುಲ್ಲಿನ ಮೇಲೆ ಬೆಳ್ಳಗೆ ಹಿಮ ಕೂರುತ್ತದೆ, ಬಿಸಿಲು ಏರುವಷ್ಟರಲ್ಲಿ ಕರಗಿ ಹೋಗುತ್ತದೆ. ಕಡುಚಳಿಯ ನಾಡಿನ ಮರಗಳು ಎಲೆಯನ್ನೆಲ್ಲ ಕೊಡವಿ ಕುಂಭಕರ್ಣನ ನಿದ್ದೆ ಹೊಡೆಯುತ್ತವಂತೆ. ಇಂಥ ಸೌಮ್ಯ ಊರಿನ ಮರಗಳದು ಹಾಗಲ್ಲ, ಬರೀ ತೂಕಡಿಕೆ. ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದಿರುತ್ತವೆ. ಹಗಲು ಸ್ವಲ್ಪ ಬೆಚ್ಚಗಾದರೆ ಸಾಕು, ಎದ್ದೇ ಬಿಡುತ್ತವೆ. ಅವುಗಳ ಗಂಡಾಂತರ ಇರುವುದೂ ಅಲ್ಲೇ.

ಕೊಳವೆಯ ಕೆಳಗಿನ ನಿಂಬೆಮರ ತೂಕಡಿಸಲೂ ಇಲ್ಲ. ವರ್ಷವಿಡೀ ಹೂವು, ವರ್ಷವಿಡೀ ಕಾಯಿ, ಚಳಿಗಾಲದಲ್ಲೂ ಎಳೆ ಚಿಗುರು. ನಿಂಬೆಯಕ್ಕನೂ ಅದನ್ನು ತಲೆಯ ಮೇಲೆ ಕೂರಿಸಿಕೊಂಡಳು. ಚಳಿ ಶುರುವಾಗುತ್ತಿದ್ದ ಹಾಗೆ "ಪಾಪ, ತಡಕೊಳ್ಳೋಕೆ ಶಕ್ತಿ ಬೇಕು" ಎಂದು ಬುಡಕ್ಕೆ ಗೊಬ್ಬರ. ಬಟ್ಟೆ ಕೊನೆಯ ಸಲ ಜಾಲಿಸಿದ ಉಗುರುಬೆಚ್ಚನೆಯ ನೀರು ದಿನಾ ಒಂದು ಬಕೆಟ್ಟು. ಬಟ್ಟೆ ಒಣಗಿಸುವ ಹಗ್ಗಕ್ಕೆ ಕೊಂಬೆ ತಾಗುತ್ತದೆಂದು ಆ ಹೊತ್ತಿಗೇ ಒಂದು ಸುತ್ತು ಕತ್ತರಿ. ಕತ್ತರಿಸಿದ ಕಡೆಯೆಲ್ಲ ತಳತಳಿಸುವ ಚಿಗುರು ಒಡೆಯುತ್ತಿತ್ತು. ಬಂದವರಿಗೆಲ್ಲ ತೋರಿಸಿ, "ನಮ್ಮ ಮರಕ್ಕೆ ಚಳಿ ಅಂದ್ರೇನು ಅಂತಾನೇ ಗೊತ್ತಿಲ್ಲ" ಎಂದು ಬೀಗುತ್ತಿದ್ದಳು.

ಇದೇ ಮರಕ್ಕೆ ಗೂಟಿ ಕಟ್ಟಿ ಮಾಡಿದ ಸಸಿಯೊಂದನ್ನು ನಾದಿನಿಗೆ ಕೊಟ್ಟಿದ್ದಳು. ನಾದಿನಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಮುಂದೆ ಕೂತರೆ ಮನೆಗೆ ಬೆಂಕಿ ಬಿದ್ದರೂ ಏಳುವ ಪೈಕಿ ಅಲ್ಲ. ಅವಳ ಬಯಲು ಅಂಗಳದಲ್ಲಿ ಆ ಸಸಿ ನಾಲ್ಕೂ ಕಡೆಯ ಗಾಳಿಗೆ ಮೈಯೊಡ್ಡಿ ಕುಳ್ಳಗೆ, ದಪ್ಪ ಎಲೆಯ, ಮೊಂಡು ಮುಖದ ಮರವಾಯಿತು.

"ಇದಕ್ಕೆ ಹೊಟ್ಟೆಗೆ ಏನಾದ್ರೂ ಹಾಕ್ತೀಯೇನೇ?" ಎಂದು ನಿಂಬೆಯಕ್ಕ ಹೋದಾಗೆಲ್ಲ ಕೆಣಕುತ್ತಿದ್ದಳು.

"ನಮ್ಮನೇಲಿ ಎಲ್ಲರೂ ದುಡ್ಕೊಂಡೇ ತಿನ್ನೋದು ಅತ್ತಿಗೆ. ಅದೂ ದುಡೀಲಿ" ಅನ್ನುತ್ತಿದ್ದಳು ನಾದಿನಿ, ದಾರ ಹಲ್ಲಲ್ಲಿ ಕಚ್ಚಿಕೊಂಡೇ.

ಹೀಗೆ ಎಷ್ಟೋ ವರ್ಷ ನಡೆಯಿತು. ಆಮೇಲೆ ಆ ಚಳಿಗಾಲ ಬಂತು.

ಮೊದಮೊದಲು ಅದು ಚಳಿಗಾಲದ ಹಾಗೇ ಇರಲಿಲ್ಲ. ಸ್ವೆಟರು ಹಾಕಿದವರು ಬೆವರುತ್ತಿದ್ದರು. ನಡುವೆ ಒಂದು ದಿನ ಬಾಯ್ಲರ್ ಬಿರುಕು ಬಿಟ್ಟು ನಿಂತುಹೋಯಿತು. ಅದೇ ವಾರ ಮೋಡವೆಲ್ಲ ಸರಿದು, ಗಾಳಿ ಸತ್ತು, ಆಕಾಶ ಗಾಜಿನ ಹಾಗೆ ತಿಳಿಯಾಯಿತು. ಬೆಳಿಗ್ಗೆ ಎದ್ದವರು ಗಾಡಿಯ ಸೀಟಿನ ಮೇಲೆಲ್ಲ ಬಿಳಿ ಪುಡಿ ಕಂಡು ಮಕ್ಕಳನ್ನು ಕರೆದು ತೋರಿಸಿದರು. ನಿಂಬೆಯಕ್ಕ ಲಾಂಡ್ರಿಗೆ ಬಂದು ಕಿಟಕಿ ತೆರೆದಳು. ಮರದ ಎಲೆಗಳು ಬೇಯಿಸಿದ ಸೊಪ್ಪಿನ ಹಾಗೆ ಕಪ್ಪು ತಿರುಗಿ ಜೋತುಬಿದ್ದಿದ್ದವು. ಚಿಗುರುಗಳು ಮುಟ್ಟಿದರೆ ಲೋಳೆ ಲೋಳೆ. ಅವಳು ಒಗೆಯದ ಬಟ್ಟೆಯ ರಾಶಿಯ ಮೇಲೆ ಕೂತು, ಸಿಕ್ಕಿದ ಒಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಸಂಜೆ ಎದೆಭಾರ ಇಳಿಸಿಕೊಳ್ಳಲು ನಾದಿನಿಯ ಮನೆಗೆ ಹೋದರೆ, ಅಂಗಳದಲ್ಲಿ ಆ ಕುಳ್ಳಮರ ಏನೂ ಆಗದ ಹಾಗೆ ನಿಂತಿತ್ತು. ಅಂಚಿನ ಕೆಲವು ಎಲೆ ಮುದುಡಿದ್ದವು, ಅಷ್ಟೇ. ನಿಜ ಹೇಳಬೇಕೆಂದರೆ ನಿಂಬೆಯಕ್ಕನ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು.

"ಏನು ಮಾಡಿದೆ ಇದಕ್ಕೆ?"

"ಏನೂ ಮಾಡ್ಲಿಲ್ಲ ಅತ್ತಿಗೆ. ಮಳೆ ನಿಂತ ಮೇಲೆ ಗೊಬ್ಬರ ಹಾಕೋಕೆ ನನಗೆ ಬೇಜಾರು. ಕತ್ತರಿ ಹಿಡಿಯೋದು ಬಟ್ಟೆಗೆ ಮಾತ್ರ. ಮಣ್ಣು ತೀರಾ ಬಿರುಕು ಬಿಟ್ರೆ ಒಂದು ಕೊಡ ನೀರು. ಚಳಿ ಶುರುವಾದ್ರೆ ಅದು ತಾನಾಗೇ ಬೆಳೆಯೋದು ನಿಲ್ಲಿಸಿಬಿಡುತ್ತೆ, ನಾನೂ ಸುಮ್ಮನಾಗ್ತೀನಿ."

ನಿಂಬೆಯಕ್ಕ ಒಂದು ಎಲೆಯನ್ನು ಬೆರಳಲ್ಲಿ ಹಿಡಿದು ನೋಡಿದಳು. ಚಪ್ಪಲಿಯ ತೊಗಲಿನಷ್ಟು ಗಟ್ಟಿ. ತುದಿಯ ಕೊಂಬೆ ಕೂಡ ಬಲಿತು ಕಂದಾಗಿತ್ತು, ಎಳೆಯದೆಂಬುದು ಒಂದೂ ಇರಲಿಲ್ಲ. ಬಟ್ಟೆಯನ್ನು ಮುಟ್ಟಿಯೇ ಕಲೆ ಯಾವುದೆಂದು ಹೇಳುವವಳಿಗೆ ಇದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಹಗಲು ಕುಗ್ಗಿ ಇರುಳು ತಣ್ಣಗಾದಂತೆ ಮರ ಒಂದೊಂದೇ ಬಾಗಿಲು ಹಾಕಿಕೊಳ್ಳುತ್ತದೆ. ಚಿಗುರುವುದು ನಿಲ್ಲಿಸುತ್ತದೆ, ಇದ್ದ ಕೊಂಬೆಯನ್ನು ಬಲಿಯಿಸುತ್ತದೆ, ಒಳಗಿನ ನೀರು ಕಡಿಮೆ ಮಾಡಿ ರಸವನ್ನು ಸಕ್ಕರೆ ಪಾಕದ ಹಾಗೆ ಮಂದ ಮಾಡಿಕೊಳ್ಳುತ್ತದೆ. ನೀರು ಹೆಪ್ಪುಗಟ್ಟುವಷ್ಟು ಬೇಗ ಪಾಕ ಹೆಪ್ಪುಗಟ್ಟುವುದಿಲ್ಲವಲ್ಲ. ಇದೆಲ್ಲ ಒಂದು ದಿನದಲ್ಲಿ ಆಗುವ ಕೆಲಸವಲ್ಲ. ಸಣ್ಣ ಸಣ್ಣ ಚಳಿ ಉಂಡು ಉಂಡೇ ದೊಡ್ಡ ಚಳಿಗೆ ಮೈ ಹದವಾಗಬೇಕು. ತನ್ನ ಮರಕ್ಕೆ ಆ ಸಣ್ಣ ಚಳಿಯನ್ನು ಅವಳು ಒಂದು ದಿನವೂ ಉಣ್ಣಗೊಟ್ಟಿರಲಿಲ್ಲ. ಒಂದೇ ತಾಯಿಮರದ ಕುಡಿ, ಒಂದೇ ಊರು, ಒಂದೇ ಹಿಮ. ಸೋಮಾರಿಯ ಮರ ಉಳಿಯಿತು, ಮುದ್ದು ಮಾಡಿದವಳ ಮರ ಬೆಂದುಹೋಯಿತು.

"ನಾನೇ ಕೊಂದೆ ಕಣೇ" ಅಂದಳು.

"ಸತ್ತಿದೆ ಅಂತ ಯಾರು ಹೇಳಿದ್ರು? ತೊಗಟೆ ಕೆರೆದು ನೋಡಿದ್ರಾ?"

ಮರುದಿನ ಕಲೆ ಕೆರೆಯುವ ಮೊಂಡುಚಾಕು ಹಿಡಿದು ನೋಡಿದಳು. ತುದಿಯ ಕೊಂಬೆಯಲ್ಲಿ ತೊಗಟೆಯ ಒಳಗೂ ಸತ್ತ ಕಂದು. ಅದರ ಕೆಳಗೆ ಕಂದು. ನಡುಗೊಂಬೆಯಲ್ಲೂ ಕಂದು. ಎರಡು ದೊಡ್ಡ ಕವಲು ಸೇರುವ ಕಡೆ, ಅವಳ ಸೊಂಟದೆತ್ತರದಲ್ಲಿ, ಉಗುರಿನಷ್ಟು ಅಗಲ ತೊಗಟೆ ಎತ್ತಿದರೆ ಒಳಗೆ ಹಸಿ ಹಸಿ ಹಸಿರು. ಅವಳು ಆ ಗಾಯಕ್ಕೆ ಮಣ್ಣು ಮೆತ್ತಿ, ಕೋಣೆಗೆ ಬಂದು ಕೆಲಸಕ್ಕೆ ಕೂತಳು. ಸಣ್ಣ ಯಜಮಾನ ಬಂದಿದ್ದು ಆಗ, ಅವಳು ಆಗಲ್ಲ ಅಂದಿದ್ದೂ ಆಗ.

ಅವನೇನೂ ಕೆಟ್ಟವನಲ್ಲ. ಇದೇ ಮೇಜಿನ ಕೆಳಗೆ ಆಡಿ ಬೆಳೆದವನು. ಆದರೆ ಹೊಸ ಬಾಯ್ಲರ್ ಬರುವುದಿತ್ತು, ಹಳೆಯದಕ್ಕಿಂತ ದೊಡ್ಡದು, ಅದಕ್ಕೆ ಹಿತ್ತಲಲ್ಲಿ ಜಾಗ ಬೇಕಿತ್ತು.

"ಒಣಗಿದ ಮರಕ್ಕೆ ಜಾಗ ಕೊಟ್ಟು ಬಾಯ್ಲರ್‌ನ ಬೀದೀಲಿ ಇಡಕ್ಕಾಗುತ್ತಾ ಅಕ್ಕ?"

"ಒಣಗಿಲ್ಲ ಯಜಮಾನ್ರೆ. ಬನ್ನಿ, ತೋರಿಸ್ತೀನಿ."

ಹಸಿರನ್ನು ನೋಡಿ ಅವನು ತಲೆ ಕೆರೆದುಕೊಂಡ. "ಇಷ್ಟಕ್ಕೆಲ್ಲ ನಾನು ನಂಬಲ್ಲ. ಬಾಯ್ಲರ್ ಬರೋ ಹೊತ್ತಿಗೆ ಒಂದು ಚಿಗುರು ತೋರಿಸಿ, ಆಚೆ ಗೋಡೆ ಒಡೆಸಿಯಾದ್ರೂ ಬಾಯ್ಲರ್ ಕೂರಿಸ್ತೀನಿ. ಚಿಗುರಿಲ್ಲ ಅಂದ್ರೆ ಕೊಡಲಿ. ಸರಿನಾ?"

"ಸರಿ" ಅಂದಳು.

ಆಮೇಲೆ ಶುರುವಾಯಿತು ನೋಡಿ, ಸಲಹೆ ಕೊಡುವವರ ಸಂತೆ. ಇಸ್ತ್ರಿಯವರು, ತೊಟ್ಟಿಯವರು, ಬಟ್ಟೆ ಕೊಡಲು ಬಂದವರು, ಎಲ್ಲರೂ ಒಂದೇ ರಾಗ: ಕಪ್ಪಾದ ಕೊಂಬೆಯನ್ನೆಲ್ಲ ಕಡಿದು ಹಾಕಿ, ನೋಡೋಕಾಗಲ್ಲ. ಮನೆಯಲ್ಲಿ ಗಂಡನೂ ಅದನ್ನೇ ಹೇಳಿದ. ಅವಳು ಕತ್ತರಿಯನ್ನು ಮೇಜಿನ ಡ್ರಾಯರಿಗೆ ಹಾಕಿ ಬೀಗ ಜಡಿದಳು. ಸಾವು ಎಲ್ಲಿಗೆ ನಿಂತಿದೆ ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ಅದೂ ಅಲ್ಲದೆ ಕತ್ತರಿಸಿದರೆ ಮರ ಗಾಬರಿಬಿದ್ದು ಚಿಗುರಲು ನೋಡುತ್ತದೆ, ಒಣಕೊಂಬೆ ಇದ್ದರೆ ಒಳಗಿನದಕ್ಕೆ ಅಷ್ಟಾದರೂ ಮರೆ. "ಯಾವುದು ಸತ್ತಿದೆ ಅಂತ ಮರಾನೇ ಹೇಳ್ಲಿ, ನೀವ್ಯಾರು ಹೇಳೋಕೆ?" ಎಂದು ಎಲ್ಲರ ಬಾಯಿಗೂ ಬೀಗ ಹಾಕಿದಳು.

ನಿಜವಾದ ಪರೀಕ್ಷೆ ಬಂದದ್ದು ಬಾಯ್ಲರಣ್ಣನಿಂದ. ಬಾಯ್ಲರ್ ನೋಡಿಕೊಳ್ಳುವ ಅವನಿಗೂ ಅವಳಿಗೂ ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ಕಾಲದ ನೌಕರಿ. ಅವನು ಹಳೆ ಬಾಯ್ಲರಿನ ಬಿರುಕಿಗೆ ಹೇಗೋ ತೇಪೆ ಹಾಕಿ, ಹೊಸದು ಬರುವವರೆಗೆ ಓಡುವ ಹಾಗೆ ಮಾಡಿದ. ಕೊಳವೆಯಿಂದ ಮತ್ತೆ ಬುಸುಬುಸು ಹಬೆ ಬಂತು. ಹಗಲೂ ಬೆಚ್ಚಗಾಗಿತ್ತು; ಬೀದಿಯ ಗಿಡಗಳೆಲ್ಲ ಚಳಿ ಮುಗಿಯಿತೆಂದು ನಂಬಿ ಮೊಗ್ಗು ಬಿಡುತ್ತಿದ್ದವು. ಅವನು ನಗುನಗುತ್ತಾ ಕಿಟಕಿಯ ಹತ್ತಿರ ಬಂದ.

"ಅಕ್ಕ, ನಿಮ್ಮ ಕೆಲಸ ಆಯ್ತು ಅಂದ್ಕೊಳ್ಳಿ. ಕೊಳವೆಯ ಬಾಯಿ ಮರದ ಕಡೆ ಇನ್ನೂ ಸ್ವಲ್ಪ ಬಗ್ಗಿಸಿ ಕೊಡ್ತೀನಿ. ಬಾಯ್ಲರ್ ಬರೋದ್ರೊಳಗೆ ಚಿಗುರು ಬರದಿದ್ರೆ ನನ್ನ ಕೇಳಿ."

ಬರುತ್ತದೆ, ಅವಳಿಗೂ ಗೊತ್ತು. ಬಿಸಿ ಕೊಟ್ಟರೆ ಆ ಮುದ್ದುಮರ ನಿದ್ದೆಯಲ್ಲಿದ್ದರೂ ಎದ್ದು ಕೂರುತ್ತದೆ. ಯಜಮಾನನಿಗೆ ತೋರಿಸಬಹುದು, ಗೋಡೆ ಒಡೆಸಬಹುದು, ಮರ ಉಳಿಯಿತೆಂದು ಎಲ್ಲರಿಗೂ ಟೀ ಕುಡಿಸಬಹುದು. ಆದರೆ ಚಳಿ ಇನ್ನೂ ಹಿಂದೆ ತಿರುಗಿ ನೋಡುವುದಿದೆ. ಉಳಿದಿರುವ ಗುಟುಕು ಜೀವವನ್ನೆಲ್ಲ ಆ ಒಂದು ಚಿಗುರಿಗೆ ಸುರಿದು ಮರ ಎದ್ದು ನಿಂತ ಹೊತ್ತಿಗೆ ಮತ್ತೊಂದು ಹಿಮ ಬಿದ್ದರೆ, ಬೇರಿನ ತನಕ ಹೋಗುತ್ತದೆ. ಚಿಗುರು ಬಂದರೆ ಕೊಡಲಿಯಿಂದ ಉಳಿಯಿತು, ಚಳಿಗೆ ಸತ್ತಿತು. ಅವಳು ಕಿಟಕಿಯ ಸರಳಿನ ಸಂದಿನಿಂದ ಕೊಳವೆಯನ್ನೊಮ್ಮೆ, ಮರವನ್ನೊಮ್ಮೆ ನೋಡಿದಳು.

"ಬೇಡ ಅಣ್ಣ. ಕೊಳವೇನ ಆ ಕಡೆ ತಿರುಗಿಸಿಬಿಡು. ಒಂದು ಎಳೆ ಹಬೆಯೂ ಇದರ ಮೇಲೆ ಬೀಳಬಾರದು."

"ತಲೆ ಸರಿ ಇದೆಯಾ ನಿಮಗೆ? ಚಿಗುರು ಬೇಕು ಅಂತ ಅವರೇ ಹೇಳಿದಾರೆ."

"ಅವರಿಗೆ ಚಿಗುರು ಬೇಕು. ನನಗೆ ಮರ ಬೇಕು."

ಅವನು ಗೊಣಗಿಕೊಂಡೇ ಏಣಿ ಹತ್ತಿ, ಕೊಳವೆಗೆ ಮೊಣಕೈಯಂತೆ ಬಾಗಿದ ತುಂಡೊಂದನ್ನು ಜೋಡಿಸಿ, ಹಬೆಯನ್ನು ಮಾಡಿನ ಮೇಲಕ್ಕೆ ತಿರುಗಿಸಿದ. ಅವಳು ಬೆಚ್ಚನೆ ನೀರು ಹಾಕುವುದನ್ನೂ ಬಿಟ್ಟಳು. ಆಕಾಶ ತೀರಾ ತಿಳಿಯಾದ ದಿನ ಮಾತ್ರ ಮಧ್ಯಾಹ್ನ ಬುಡಕ್ಕೆ ತಣ್ಣೀರು. ಒದ್ದೆ ಮಣ್ಣು ಹಗಲಿನ ಬಿಸಿಲನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಮಣ್ಣಿಗೆ ಆ ತಾಕತ್ತಿಲ್ಲ.

ಚಳಿ ತಿರುಗಿ ನೋಡಿಯೇ ನೋಡಿತು. ಒಂದು ಬೆಳಿಗ್ಗೆ ಬೀದಿಯುದ್ದಕ್ಕೂ ಆತುರಕ್ಕೆ ಬಿದ್ದು ಚಿಗುರಿದ್ದ ಗಿಡಗಳೆಲ್ಲ ಕರಟಿಹೋಗಿದ್ದವು. ಬಾಯ್ಲರಣ್ಣ ಅದನ್ನೆಲ್ಲ ನೋಡಿಕೊಂಡೇ ಕೆಲಸಕ್ಕೆ ಬಂದ. ಎರಡು ಲೋಟ ಟೀ ತಂದು ಒಂದನ್ನು ಅವಳ ಮೇಜಿನ ಮೇಲಿಟ್ಟ. ಅವಳು ಚಾಕು ಹಿಡಿದು ಹೊರಗೆ ಹೋಗಿ ಕವಲಿನ ಕೆಳಗೆ ಕೆರೆದಳು. ಹಸಿರು ಹಾಗೇ ಇತ್ತು.

ಆದರೆ ಬಾಯ್ಲರ್ ಮರಕ್ಕಾಗಿ ಕಾಯುತ್ತದೆಯೇ? ಹೇಳಿದ್ದಕ್ಕಿಂತ ಮೊದಲೇ ಲಾರಿ ಬಂದು ಬಾಗಿಲಲ್ಲಿ ನಿಂತಿತು. ಹಿಂದೆಯೇ ಸಣ್ಣ ಯಜಮಾನ, ಅವನ ಹಿಂದೆ ಕೊಡಲಿ ಹಿಡಿದ ಆಳು. ಯಜಮಾನ ಮರದ ಸುತ್ತ ಒಂದು ಸುತ್ತು ಬಂದು ಒಂದೊಂದು ಕೊಂಬೆಯನ್ನೂ ನೋಡಿದ. ಕಡ್ಡಿಗಳು ಸುಟ್ಟ ಕೊಳ್ಳಿಯ ಹಾಗಿದ್ದವು. ಹಸಿರಿನ ಚುಕ್ಕೆಯೂ ಇರಲಿಲ್ಲ.

"ಅಕ್ಕ, ಮಾತು ಮಾತೇ ಅಲ್ವಾ?"

"ಮಾತು ಮಾತೇ. ಚಿಗುರು ಬಂದಿಲ್ಲ, ನಾನು ಇಲ್ಲ ಅನ್ನಲ್ಲ." ಅವಳು ಕೈ ಒರೆಸಿಕೊಂಡು ಎದ್ದಳು. "ನಿಮಗೆ ಬೇಕಿರೋದು ಜಾಗ ತಾನೆ? ನನ್ನ ಕೋಣೆ ತಗೊಳ್ಳಿ. ಈ ಗೋಡೆ ತೆಗೆಸಿದ್ರೆ ಹಳೆ ಬಾಯ್ಲರಿನ ಜಾಗನೂ ಸೇರಿ ದೊಡ್ಡದಾಗುತ್ತೆ. ಅಣ್ಣ, ಅಳೆದು ನೋಡು."

ಬಾಯ್ಲರಣ್ಣ ಹಗ್ಗ ಹಿಡಿದು ಅತ್ತ ಅಳೆದ, ಇತ್ತ ಅಳೆದ. "ಹಿಡಿಯುತ್ತೆ" ಅಂದ, ಯಜಮಾನನ ಮುಖ ನೋಡದೆ.

"ನೀವೆಲ್ಲಿ ಕೂರ್ತೀರಿ?"

"ಹೊರಗೆ. ಮರದ ಪಕ್ಕ ಮೇಜು ಹಾಕಿಸಿ, ಮೇಲೊಂದು ತಗಡು ಹೊದಿಸಿ."

"ಚಳೀಲಿ? ಈ ವಯಸ್ಸಲ್ಲಿ? ಇಷ್ಟು ವರ್ಷ ಈ ಬೆಚ್ಚನೆ ಗೋಡೆಗೆ ಒರಗಿ ಕೂತವರು ನೀವು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ ಅಕ್ಕ."

"ಬಗ್ಗೋದು ಬೇಡ, ಗಟ್ಟಿಯಾದ್ರೆ ಸಾಕು. ಮರಕ್ಕೆ ಚಳಿ ತಿನ್ನಿಸಿ ನಾನು ಬೆಚ್ಚಗೆ ಕೂರೋದು ಯಾವ ನ್ಯಾಯ?"

ಯಜಮಾನ ಕೊಡಲಿಯವನಿಗೆ ಕೈಸನ್ನೆ ಮಾಡಿ ಗೋಡೆ ಒಡೆಯುವ ಕೆಲಸಕ್ಕೆ ಹಚ್ಚಿದ.

ಮೊದಲ ವಾರ ಅವಳಿಗೆ ಕೆಮ್ಮು ಹಿಡಿಯಿತು. ಉಪ್ಪುನೀರಿಗೆ ಬೆರಳು ಮರಗಟ್ಟಿ ಚಾಕು ಜಾರುತ್ತಿತ್ತು. ಹಿತ್ತಲಿನ ಗಾಳಿ ಸೀರೆಯ ಒಳಗೆ ನುಗ್ಗಿ ಮೂಳೆ ಎಣಿಸುತ್ತಿತ್ತು. ಮನೆಯಲ್ಲಿ ಗಂಡ, "ಮರಕ್ಕೋಸ್ಕರ ಹೆಂಡತೀನ ಕಳ್ಕೊಂಡ ಅಂತ ಊರೆಲ್ಲ ನಗ್ತಾರೆ" ಎಂದು ಬೈಯುತ್ತಲೇ ತನ್ನ ಮೊಣಕಾಲಿನ ಎಣ್ಣೆಯನ್ನು ಅವಳ ಬೆರಳಿಗೆ ತಿಕ್ಕಿದ. ಅವಳು ಸ್ವೆಟರಿನ ಮೇಲೊಂದು ಸ್ವೆಟರು ಹಾಕಿಕೊಂಡು ಮರುದಿನವೂ ಹೋದಳು. ಹೋಗುತ್ತಾ ಹೋಗುತ್ತಾ ಬೆರಳು ಮೊದಲಿನ ಹಾಗೆ ಮಾತು ಕೇಳತೊಡಗಿದವು.

ಹಗಲು ಉದ್ದವಾದವು. ಬಿಸಿಲಿಗೆ ಚುರುಕು ಬಂತು. ಒಂದು ಮಧ್ಯಾಹ್ನ ಯಾರದೋ ದಿಂಬಿನ ಚೀಲದ ಕಲೆ ಉಜ್ಜುತ್ತಿದ್ದವಳು ನೀರು ಚೆಲ್ಲಲು ತಿರುಗಿದಳು. ಕವಲು ಸೇರುವ ಕಡೆ ತೊಗಟೆ ಬಿರಿದು ಸಾಸಿವೆ ಕಾಳಿನಷ್ಟು ಹಸಿರು ಹೊರಗೆ ಇಣುಕುತ್ತಿತ್ತು. ಅದರ ಕೆಳಗೆ ಇನ್ನೊಂದು. ಕಣ್ಣು ಮಂಜಾಗಿ ಕಲೆ ಕಾಣದಾಯಿತು. ಒರೆಸಿಕೊಂಡು ದಿಂಬಿನ ಚೀಲ ಮುಗಿಸಿದಳು. ಆಮೇಲೆ ಡ್ರಾಯರಿನ ಬೀಗ ತೆಗೆದು ಕತ್ತರಿ ಹೊರಗೆ ತೆಗೆದಳು. ಸತ್ತಿದ್ದು ಯಾವುದೆಂದು ಮರವೇ ಈಗ ಹೇಳಿತ್ತು.

ಆ ವರ್ಷ ಹಣ್ಣಿಲ್ಲ. ತುಕ್ಕಿನ ಕಲೆಗೆ ನಾದಿನಿಯ ಕುಳ್ಳಮರದ ನಿಂಬೆಯನ್ನೇ ಕೇಳಿ ತರಬೇಕಾಯಿತು. "ದುಡ್ಕೊಂಡು ತಿನ್ನೋ ಮರ ಅತ್ತಿಗೆ, ರಸ ಜಾಸ್ತಿ" ಎಂದು ನಾದಿನಿ ಹಳೆಯ ಸಾಲವನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಂಡಳು. ನಿಂಬೆಯಕ್ಕ ನಕ್ಕು ಹಣ್ಣುಗಳನ್ನು ಸೆರಗಿಗೆ ಕಟ್ಟಿಕೊಂಡಳು.

ಮಳೆ ನಿಂತಿತು. ಹೊಸ ಕೊಂಬೆಯೊಂದು ಬಟ್ಟೆಯ ಹಗ್ಗಕ್ಕೆ ತಾಗಲು ಶುರುವಾಯಿತು. ಅವಳು ಕತ್ತರಿ ಮುಟ್ಟಲಿಲ್ಲ, ಹಗ್ಗವನ್ನೇ ಬಿಚ್ಚಿ ಆಚೆ ಕಟ್ಟಿದಳು. ಗೊಬ್ಬರದ ಚೀಲ ಮೂಲೆಯಲ್ಲಿ ಹಾಗೇ ಇತ್ತು. ಬೆಳಗಿನ ಗಾಳಿ ತಣ್ಣಗಾಗುತ್ತಾ ಬಂದಂತೆ ಮರ ಬೆಳೆಯುವುದನ್ನು ನಿಲ್ಲಿಸಿತು. ತುದಿಗಳು ಬಲಿತವು, ಎಲೆಗಳ ತಳತಳ ಹೋಗಿ ಒಂದು ಮೊಂಡು ಕಳೆ ಬಂತು, ಥೇಟ್ ನಾದಿನಿಯ ಮರದ ಹಾಗೆ. ಇಷ್ಟು ವರ್ಷದಲ್ಲಿ ಇದೇ ಮೊದಲು.

ಹಿತ್ತಲಿಗೆ ಬಂದ ಸಣ್ಣ ಯಜಮಾನ ಮರದ ಮುಂದೆ ನಿಂತ. ಅವನ ಮುಖದಲ್ಲಿ ನಿಜವಾಗಿ ಕಳವಳವಿತ್ತು.

"ಅಕ್ಕ, ಚಿಗುರು ನಿಂತೇ ಹೋಗಿದೆಯಲ್ಲ. ಮತ್ತೆ ಏನಾದ್ರೂ ಆಯ್ತಾ ಇದಕ್ಕೆ?"

ನಿಂಬೆಯಕ್ಕ ಸ್ವೆಟರಿನ ತೋಳನ್ನು ಮೊಣಕೈ ತನಕ ಏರಿಸಿಕೊಂಡು ತಣ್ಣೀರಿನ ಬಕೆಟ್ಟಿಗೆ ಕೈ ಹಾಕಿದಳು.

"ಏನೂ ಆಗಿಲ್ಲ ಯಜಮಾನ್ರೆ. ಚಳಿ ಬರ್ತಿದೆ ಅಂತ ಅದಕ್ಕೆ ಗೊತ್ತಾಗಿದೆ."